ಬಂದವರ ಲೆಕ್ಕ

ವೆಬ್‌ಸೈಟ್ ನಡೆಸುವವರಿಗೆಲ್ಲ ಒಂದು ಚಟ ಇರುತ್ತದೆ. ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲೇ ನಿನ್ನೆ ಎಷ್ಟು ಜನ ಬಂದು ಹೋದರು ಅಂತ ನೋಡುವುದು :) ಯಾವ ಊರಿನವರು, ಯಾವ ಪುಟ ಓದಿದರು, ಎಷ್ಟು ಹೊತ್ತು ಕೂತರು, ಯಾವ ಕೊಂಡಿ ಹಿಡಿದು ಬಂದರು... ನಮ್ಮ ಕಡೆಯ ಊರುಗಳ ಇತಿಹಾಸದ ಮೇಲೆ ಒಂದು ಪುಟ್ಟ ತಾಣ ನೋಡಿಕೊಳ್ಳುತ್ತಿದ್ದಾಗ ನನಗೂ ಆ ಚಟ ಇತ್ತು. ಕೌಂಟರ್ ತೋರಿಸುತ್ತಿದ್ದ ಭೂಪಟದಲ್ಲಿ ಬೆಂಗಳೂರಿನ ಮೇಲೆ ದೊಡ್ಡ ಚುಕ್ಕೆ, ಹೈದರಾಬಾದಿನ ಮೇಲೆ ಒಂದು, ಮುಂಬೈ ಮೇಲೆ ಒಂದು, ಅಮೆರಿಕದಲ್ಲಿ ನಾಲ್ಕಾರು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಮಾತ್ರ ಒಂದು ದಿನವೂ ಕಾಣಲಿಲ್ಲ. ಓದುತ್ತಿದ್ದವರು ಬಹುಪಾಲು ಅಲ್ಲಿಯವರೇ ಅಂತ ನನಗೆ ಗೊತ್ತಿತ್ತು, ಸಿಕ್ಕಾಗ ಹೇಳುತ್ತಿದ್ದರು.

ಕಾರಣ ಸರಳ. ಕೌಂಟರಿಗೆ ಕಾಣುವುದು ಐಪಿ ಅಡ್ರೆಸ್ ಒಂದೇ. ಅದು ನಿಮ್ಮ ಮನೆಯ ಅಡ್ರೆಸ್ ಅಲ್ಲ, ನಿಮ್ಮ ಟೆಲಿಕಾಂ ಕಂಪನಿ ಆ ಹೊತ್ತಿಗೆ ನಿಮಗೆ ಕೊಟ್ಟ ಒಂದು ಸಂಖ್ಯೆ. ಮೊಬೈಲಿನಲ್ಲಾದರೆ ಒಂದೇ ಐಪಿಯನ್ನು ಎಷ್ಟೋ ಜನ ಹಂಚಿಕೊಂಡಿರುತ್ತಾರೆ. ಚಿಂಚೋಳಿಯಲ್ಲಿ ಕೂತು ಓದಿದವರು ಕಂಪನಿಯ ಗೇಟ್‌ವೇ ಇರುವ ದೊಡ್ಡ ಊರಿನವರಾಗಿ ದಾಖಲಾಗುತ್ತಾರೆ. ಇದು ನೆನಪಿನಲ್ಲಿರಲಿ, ಮುಂದೆ ಇದೇ ವಿಷಯ ಒಬ್ಬನನ್ನು ಜೈಲಿಗೆ ಕಳಿಸಿದ ಕಥೆ ಬರುತ್ತದೆ.

ಬಂದವರನ್ನು ಎಣಿಸುವುದು ಕಂಪ್ಯೂಟರ್ ಕಂಡುಹಿಡಿದ ಕೆಲಸವೇನಲ್ಲ. ನಮ್ಮ ವಾಡಿ ಜಂಕ್ಷನ್ನನ್ನೇ ನೋಡಿ. ಮುಂಬೈ ಕಡೆಯಿಂದ ಸೋಲಾಪುರ, ಶಹಾಬಾದ ದಾಟಿ ಬಂದ ಜಿಐಪಿ ರೈಲ್ವೆ 1871ರಲ್ಲಿ ರಾಯಚೂರು ಮುಟ್ಟಿತು. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಚಿತ್ತಾಪುರ, ಸೇಡಂ ಮೇಲೆ ಹಾದು ಸಿಕಂದರಾಬಾದಿಗೆ ಹೋಯಿತು. ಚಿಂಚೋಳಿಗೆ ಮಾತ್ರ ರೈಲು ಬರಲಿಲ್ಲ. ರೈಲು ಬಂದ ಮೇಲೆ ಎಷ್ಟು ಜನ ಹತ್ತಿದರು ಎಂಬ ಲೆಕ್ಕ ಬೇಕೇ ಬೇಕಲ್ಲ? ಅದಕ್ಕೊಂದು ಚಂದದ ಉಪಾಯ ಇತ್ತು. ದಪ್ಪ ರಟ್ಟಿನ ಆ ಪುಟ್ಟ ಟಿಕೆಟ್ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಇಂಗ್ಲೆಂಡಿನ ಥಾಮಸ್ ಎಡ್ಮಂಡ್‌ಸನ್ ಎಂಬಾತ 1830ರ ದಶಕದಲ್ಲಿ ಮಾಡಿದ ವ್ಯವಸ್ಥೆ ಅದು. ಪ್ರತಿ ಟಿಕೆಟಿಗೂ ಒಂದು ಕ್ರಮಸಂಖ್ಯೆ. ಸಂಜೆ ಉಳಿದ ಟಿಕೆಟಿನ ನಂಬರಿನಿಂದ ಬೆಳಗಿನ ನಂಬರು ಕಳೆದರೆ ಆವತ್ತು ಎಷ್ಟು ಜನ ಯಾವ ಊರಿಗೆ ಹೋದರು ಅಂತ ಸಿಕ್ಕಿಬಿಡುತ್ತದೆ. ಲೆಕ್ಕ ಪೂರ್ತಿ, ಆದರೆ ಒಬ್ಬರ ಹೆಸರೂ ಇಲ್ಲ! ಇವತ್ತಿಗೂ ಕಿಟಕಿಯಲ್ಲಿ ದುಡ್ಡು ಕೊಟ್ಟು ಜನರಲ್ ಡಬ್ಬಿಯ ಟಿಕೆಟ್ ತೊಗೊಂಡರೆ ಅದರಲ್ಲಿ ಹೆಸರಿರುವುದಿಲ್ಲ. ಅದೇ ಟಿಕೆಟನ್ನು ಮೊಬೈಲ್ ಆ್ಯಪ್‌ನಲ್ಲಿ ತೊಗೊಂಡರೆ ಫೋನ್ ನಂಬರ್ ಅಂಟಿಕೊಂಡೇ ಬರುತ್ತದೆ.

ಎರಡನೇ ಬಗೆಯ ಲೆಕ್ಕ ಬೇರೆ. ಬ್ರಿಟಿಷ್ ಇಂಡಿಯಾದಲ್ಲಿ 1867ರಲ್ಲಿ ಸರಾಯ್ ಕಾಯ್ದೆ ಬಂತು. ದಾರಿಹೋಕರು ತಂಗುವ ಸರಾಯಿ, ಮುಸಾಫಿರ್‌ಖಾನೆಗಳನ್ನು ನಡೆಸುವವರು ಹೆಸರು ನೋಂದಾಯಿಸಬೇಕು. ಮ್ಯಾಜಿಸ್ಟ್ರೇಟರು ಬಯಸಿದರೆ ನಿನ್ನೆ ರಾತ್ರಿ ಯಾರ‍್ಯಾರು ಬಂದು ತಂಗಿದ್ದರು ಅಂತ ವರದಿಯನ್ನೂ ಕೊಡಬೇಕು. ಇಲ್ಲಿ ಬೇಕಾಗಿದ್ದು ಎಷ್ಟು ಜನ ಎಂಬುದಲ್ಲ, ಯಾರು ಎಂಬುದು. ಇವತ್ತು ಲಾಡ್ಜಿನಲ್ಲಿ ಆಧಾರ್ ಜೆರಾಕ್ಸ್ ಕೊಟ್ಟು ಸಹಿ ಹಾಕುತ್ತೀರಲ್ಲ, ಅದೂ ಇದೇ ಜಾತಿಯ ಲೆಕ್ಕ.

ಮೂರನೇ ಬಗೆ ಜನಗಣತಿ. ನಮ್ಮ ಭಾಗ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅಲ್ಲಿ ಮೊದಲ ಜನಗಣತಿ ಆಗಿದ್ದು 1881ರಲ್ಲಿ. ದಫ್ತರದ ಉರ್ದುವಿನಲ್ಲಿ ಅದಕ್ಕೆ ಮರ್ದುಮ್ ಶುಮಾರಿ ಅಂತ ಹೆಸರು. ಜನಗಣತಿಯವರು ಹೆಸರು, ವಯಸ್ಸು, ಮನೆ, ಜಾತಿ, ಭಾಷೆ ಎಲ್ಲವನ್ನೂ ಕೇಳುತ್ತಾರೆ. ಆದರೆ ಸ್ವತಂತ್ರ ಭಾರತದ 1948ರ ಜನಗಣತಿ ಕಾಯ್ದೆಯ 15ನೇ ಕಲಮಿನ ಪ್ರಕಾರ ಆ ಹಾಳೆಗಳನ್ನು ತೆಗೆದು ನೋಡುವ ಹಕ್ಕು ಹೊರಗಿನ ಯಾರಿಗೂ ಇಲ್ಲ. ಕೇಳಿದ್ದೆಲ್ಲ ಬರೆದುಕೊಳ್ಳುತ್ತಾರೆ, ಹೊರಗೆ ಬರುವುದು ಒಟ್ಟು ಅಂಕಿಗಳು ಮಾತ್ರ. 2027ರ ಮಾರ್ಚ್ 1ನ್ನು ಆಧಾರ ದಿನವಾಗಿ ಇಟ್ಟುಕೊಂಡ ಜನಗಣತಿಯನ್ನು ಡಿಜಿಟಲ್ ಆಗಿ ಮಾಡುವುದೆಂದು 2025ರಲ್ಲಿ ತೀರ್ಮಾನವಾಯಿತು. ಹಾಳೆ ಹೋಗಿ ಆ್ಯಪ್ ಬಂದರೂ 15ನೇ ಕಲಮಿನ ಮಾತು ಅದೇ.

ಹೆಸರಿಲ್ಲದೆ ಎಣಿಸುವುದು, ಹೆಸರು ಬರೆದು ಪೊಲೀಸರಿಗೆ ತೋರಿಸುವುದು, ಹೆಸರು ಬರೆದು ಬಚ್ಚಿಡುವುದು. ಈ ಮೂರು ಬಗೆ ಗೊತ್ತಿದ್ದರೆ ಇಂಟರ್ನೆಟ್ಟಿನ ಜಗಳ ಅರ್ಧ ಅರ್ಥವಾದಂತೆ.

ಈಗ ವೆಬ್‌ಸೈಟ್ ಕಡೆ ಬರೋಣ. ವೆಬ್ ಹುಟ್ಟಿದ ಮೊದಲ ವರ್ಷಗಳಿಂದಲೇ ಸರ್ವರ್‌ಗಳು ಲಾಗ್ ಇಟ್ಟುಕೊಳ್ಳುತ್ತಿದ್ದವು. ಒಂದು ಪುಟ ಕೇಳಿದರೆ ಲಾಗಿನಲ್ಲಿ ಒಂದು ಸಾಲು. ಐಪಿ ಅಡ್ರೆಸ್, ದಿನ, ಗಂಟೆ, ಕೇಳಿದ ಪುಟ, ಅದು ಸಿಕ್ಕಿತೋ ಇಲ್ಲವೋ, ಎಷ್ಟು ಬೈಟು ಹೋಯಿತು... ಇಷ್ಟೇ. ಸರ್ವರ್ ಸರಿಯಾಗಿ ನಡೆಯುತ್ತಿದೆಯೇ ಅಂತ ನೋಡಲು ಇಟ್ಟ ಲೆಕ್ಕ ಅದು. 1995ರಲ್ಲಿ ಸ್ಟೀಫನ್ ಟರ್ನರ್ ಎಂಬವರು ಅನಲಾಗ್ ಎನ್ನುವ ಪುಕ್ಕಟೆ ತಂತ್ರಾಂಶ ಬರೆದರು. ಅದು ಈ ಸಾಲುಗಳನ್ನು ಓದಿ, ಯಾವ ಪುಟಕ್ಕೆ ಎಷ್ಟು ಜನ, ಯಾವ ಗಂಟೆಯಲ್ಲಿ ಹೆಚ್ಚು ಅಂತ ಪಟ್ಟಿ ಮಾಡಿ ಕೊಡುತ್ತಿತ್ತು. ಇದು ಹೆಚ್ಚುಕಡಿಮೆ ವಾಡಿಯ ಟಿಕೆಟ್ ಕಿಟಕಿಯ ಲೆಕ್ಕವೇ.

ಆದರೆ ನಿನ್ನೆ ಬಂದವನೇ ಇವತ್ತೂ ಬಂದನೋ, ಬೇರೆಯವನೋ ಎಂದು ಐಪಿಯಿಂದ ಹೇಳುವುದು ಕಷ್ಟ. 1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮಾಂಟುಲಿ ಕುಕೀ ಎಂಬುದನ್ನು ಮಾಡಿದರು. ನೀವು ತಾಣಕ್ಕೆ ಹೋದಾಗ ಅದು ನಿಮ್ಮ ಬ್ರೌಸರಿನಲ್ಲಿ ಒಂದು ಚೀಟಿ ಇಟ್ಟು ಕಳಿಸುತ್ತದೆ. ಮತ್ತೆ ಬಂದಾಗ ಬ್ರೌಸರು ಆ ಚೀಟಿ ತೋರಿಸುತ್ತದೆ. ಅಂಗಡಿಯ ಬುಟ್ಟಿಯಲ್ಲಿ ನೀವು ಹಾಕಿದ ಸಾಮಾನು ನೆನಪಿಡಲಿಕ್ಕೆ ಮಾಡಿದ್ದು. ಜನಕ್ಕೆ ಇದು ಗೊತ್ತಾಗಿದ್ದು ಹೆಚ್ಚಾಗಿ 1996ರಲ್ಲಿ, ಪತ್ರಿಕೆಗಳಲ್ಲಿ ಬಂದ ಮೇಲೆ. ಅಷ್ಟರಲ್ಲಿ ಜಾಹೀರಾತು ಕಂಪನಿಗಳಿಗೆ ಹೊಸ ಉಪಯೋಗ ಹೊಳೆದಿತ್ತು. ಒಂದೇ ಕಂಪನಿಯ ಜಾಹೀರಾತು ಸಾವಿರ ತಾಣಗಳಲ್ಲಿದ್ದರೆ, ಸಾವಿರ ತಾಣಗಳಲ್ಲೂ ಅದೇ ಚೀಟಿ ನೋಡಬಹುದು. ಬೆಳಿಗ್ಗೆ ನೀವು ಸುದ್ದಿ ಓದಿದ್ದು, ಮಧ್ಯಾಹ್ನ ಔಷಧಿ ಹುಡುಕಿದ್ದು, ರಾತ್ರಿ ಸಾಲದ ಬಡ್ಡಿ ನೋಡಿದ್ದು ಎಲ್ಲ ಒಂದೇ ಹಾಳೆಯ ಮೇಲೆ ಬರುತ್ತದೆ. 1999ರಲ್ಲಿ ಡಬಲ್‌ಕ್ಲಿಕ್ ಎಂಬ ಕಂಪನಿ, ಜನರ ಹೆಸರು ವಿಳಾಸ ಇಟ್ಟುಕೊಂಡಿದ್ದ ಅಬಾಕಸ್ ಎಂಬ ಕಂಪನಿಯನ್ನು ಕೊಂಡು, ಎರಡೂ ಪುಸ್ತಕ ಜೋಡಿಸಲು ಹೊರಟಿತು. ಅಮೆರಿಕದಲ್ಲಿ ದೊಡ್ಡ ಗದ್ದಲವಾಗಿ 2000ದ ಮಾರ್ಚಿನಲ್ಲಿ ಅದು ಹಿಂದೆ ಸರಿಯಿತು. ಇಲ್ಲಿ ಟಿಕೆಟ್ ಕಿಟಕಿ ಸರಾಯಿಯ ರಿಜಿಸ್ಟರ್ ಆಗಲು ಹೊರಟಿದ್ದನ್ನು ನೀವು ನೋಡಬಹುದು.

2005ರಲ್ಲಿ ಗೂಗಲ್ ಅರ್ಚಿನ್ ಎಂಬ ಕಂಪನಿಯನ್ನು ಕೊಂಡು ಅದೇ ನವೆಂಬರಿನಲ್ಲಿ ಗೂಗಲ್ ಅನಲಿಟಿಕ್ಸನ್ನು ಪುಕ್ಕಟೆಯಾಗಿ ಬಿಟ್ಟಿತು. ಪುಟದಲ್ಲಿ ನಾಲ್ಕು ಸಾಲಿನ ಕೋಡ್ ಅಂಟಿಸಿದರೆ ಸಾಕು. ಪುಕ್ಕಟೆ ಅಂದರೆ ಯಾರು ಬಿಡುತ್ತಾರೆ? ದೊಡ್ಡ ಪತ್ರಿಕೆಯಿಂದ ಹಿಡಿದು ನಮ್ಮಂಥ ಚಿಲ್ಲರೆ ತಾಣಗಳವರೆಗೆ ಎಲ್ಲರೂ ಅಂಟಿಸಿದರು. ಮೊದಲು ಬಂದವರ ಲೆಕ್ಕ ಮನೆಯ ಯಜಮಾನನ ಹತ್ತಿರ ಮಾತ್ರ ಇತ್ತು, ಈಗ ಮನೆಗೆ ಬಂದ ನೆಂಟರ ಲೆಕ್ಕವನ್ನು ಬೀದಿಯ ಕೊನೆಯ ಒಬ್ಬ ಸಾಹುಕಾರ ಬರೆದುಕೊಂಡು, ಒಂದು ನಕಲು ನಮಗೆ ಕೊಡುವ ಹಾಗಾಯಿತು. ಬೀದಿಯ ಎಲ್ಲ ಮನೆಗಳ ಪುಸ್ತಕ ಅವನ ಹತ್ತಿರ!

ಹೆಸರು ತೆಗೆದುಬಿಟ್ಟರೆ ಏನೂ ತೊಂದರೆಯಿಲ್ಲ ಅನ್ನುವವರಿಗೆ 2006ರ ಆಗಸ್ಟ್‌ನ ಒಂದು ಪ್ರಸಂಗ ಹೇಳಬೇಕು. ಅಮೆರಿಕದ ಎಒಎಲ್ ಕಂಪನಿ ಸಂಶೋಧಕರಿಗೆ ಉಪಯೋಗವಾಗಲಿ ಅಂತ ಸುಮಾರು 6.5 ಲಕ್ಷ ಬಳಕೆದಾರರ ಮೂರು ತಿಂಗಳ ಹುಡುಕಾಟಗಳನ್ನು ಬಿಡುಗಡೆ ಮಾಡಿತು. ಹೆಸರಿರಲಿಲ್ಲ, ಒಬ್ಬೊಬ್ಬರಿಗೆ ಒಂದೊಂದು ನಂಬರು. ಕೆಲವೇ ದಿನಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ವರದಿಗಾರರು 4417749 ನಂಬರಿನ ಅಜ್ಜಿಯ ಮನೆ ಬಾಗಿಲಿಗೇ ಹೋಗಿ ನಿಂತರು. ಅವರು ಹುಡುಕಿದ ಊರು, ನೆಂಟರ ಅಡ್ಡಹೆಸರು, ಕಾಯಿಲೆಗಳು ಇವೇ ವಿಳಾಸ ಹೇಳಿಬಿಟ್ಟಿದ್ದವು.

ಅದೇ ಕಾಲದಲ್ಲಿ ನಮ್ಮ ತಾಲೂಕುಗಳಲ್ಲಿ ಏನಾಗುತ್ತಿತ್ತು? ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಬಂದಿದ್ದು 1995ರ ಆಗಸ್ಟ್ 15ರಂದು. ನಮ್ಮ ಕಡೆ ಮನೆಗಳಿಗೆ ಬರಲು ಬಹಳ ತಡವಾಯಿತು. ಬಸ್‌ಸ್ಟ್ಯಾಂಡ್ ಹತ್ತಿರದ ಸೈಬರ್ ಕೆಫೆಯೇ ಇಂಟರ್ನೆಟ್. ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನ ಹಾಲ್ ಟಿಕೆಟ್ ಹಿಡಿದುಕೊಂಡು ಕ್ಯೂ ನಿಲ್ಲುತ್ತಿದ್ದೆವು. ಕರ್ನಾಟಕ ಸರ್ಕಾರ 2004ರಲ್ಲೇ ಸೈಬರ್ ಕೆಫೆಗಳಿಗೆ ನಿಯಮ ಮಾಡಿ, ಬಂದವರ ಗುರುತು ಪಡೆದು ರಿಜಿಸ್ಟರ್ ಇಡಬೇಕು ಅಂದಿತ್ತು. 2011ರ ಏಪ್ರಿಲ್‌ನಲ್ಲಿ ಕೇಂದ್ರದ ನಿಯಮಗಳು ಬಂದವು. ಗುರುತಿನ ಚೀಟಿ ನೋಡಬೇಕು. ಹೆಸರು, ವಿಳಾಸ, ಗಂಡೋ ಹೆಣ್ಣೋ, ಫೋನ್ ನಂಬರ್, ಕೂತ ಗಂಟೆ, ಎದ್ದ ಗಂಟೆ ಬರೆದು ಒಂದು ವರ್ಷ ಇಡಬೇಕು. ನೋಡಿದ ತಾಣಗಳ ಪಟ್ಟಿಯೂ ಒಂದು ವರ್ಷ ಉಳಿದಿರಬೇಕು. ಕ್ಯಾಬಿನ್ನಿನ ಅಡ್ಡಗೋಡೆ ನಾಲ್ಕೂವರೆ ಅಡಿಗಿಂತ ಎತ್ತರ ಇರಬಾರದು. ವೆಬ್‌ಸೈಟಿನ ಲಾಗ್ ಇದ್ದಂತೆಯೇ ಇದೂ ಒಂದು ಲಾಗ್, ಬಾಲ್‌ಪೆನ್ನಿನಲ್ಲಿ ಬರೆದದ್ದು!

ಉದ್ದೇಶ ಅಪರಾಧ ಹಿಡಿಯುವುದು, ಸರಿ. ಆದರೆ ಆ ರಿಜಿಸ್ಟರ್ ಎಲ್ಲಿರುತ್ತಿತ್ತು? ಟೇಬಲ್ ಮೇಲೆ ತೆರೆದಿಟ್ಟು, ದಾರದಲ್ಲಿ ಪೆನ್ನು ಕಟ್ಟಿ. ನೀವು ಬರೆಯುವಾಗ ನಿಮ್ಮ ಮೇಲಿನ ಇಪ್ಪತ್ತು ಜನರ ಹೆಸರು, ನಂಬರು ಕಣ್ಣ ಮುಂದೆಯೇ. 2012ರಲ್ಲಿ ನನ್ನ ಚಿಕ್ಕಪ್ಪನ ಮಗಳು ಕಾಲೇಜಿನ ಅರ್ಜಿ ತುಂಬಲು ಹೀಗೊಂದು ಕಡೆ ಹೋಗಿ ಮನೆಯ ಫೋನ್ ನಂಬರ್ ಬರೆದು ಬಂದಳು. ಮರುದಿನದಿಂದ ಕರೆಗಳು ಶುರು. "ಅಣ್ಣಾ, ಯಾವನೋ ಹೆಸರು ಹಿಡ್ದು ಫೋನ್ ಮಾಡ್ಲಕತ್ತಾನ" ಅಂತ ಅವಳು ನನಗೆ ಹೇಳಿದ್ದು ಐದಾರು ದಿನ ಆದ ಮೇಲೆ. ಚಿಕ್ಕಪ್ಪನಿಗೆ ಹೇಳಲು ಹೆದರಿದ್ದಳು. ಹೇಳಿದ ಮೇಲೆ ಆಗಿದ್ದೇನು? ಫೋನ್ ಮಾಡಿದವನಿಗೆ ಏನೂ ಆಗಲಿಲ್ಲ, ಅವಳ ಇಂಟರ್ನೆಟ್ ನಿಂತಿತು. ಮುಂದಿನ ಅರ್ಜಿಗಳನ್ನೆಲ್ಲ ತಮ್ಮ ಹೋಗಿ ತುಂಬಿ ಬಂದ. ಬಚ್ಚಿಡಲಿಕ್ಕೆ ಏನೂ ಇಲ್ಲದವರಿಗೆ ಖಾಸಗಿತನ ಯಾಕೆ ಅಂತ ಯಾರಾದರೂ ಕೇಳಿದಾಗ ನನಗೆ ಈ ರಿಜಿಸ್ಟರ್ ನೆನಪಾಗುತ್ತದೆ. ಅವಳು ಬಚ್ಚಿಡುವಂಥದ್ದು ಏನನ್ನೂ ಮಾಡಿರಲಿಲ್ಲ.

ಮೊದಲು ಹೇಳಿದ್ದೆನಲ್ಲ, ಜೈಲಿನ ಕಥೆ. 2007ರಲ್ಲಿ ಆರ್ಕುಟ್‌ನಲ್ಲಿ ಯಾರೋ ಶಿವಾಜಿ ಮಹಾರಾಜರ ಬಗ್ಗೆ ಅವಹೇಳನಕಾರಿ ಚಿತ್ರ ಹಾಕಿದರು. ಪುಣೆ ಪೊಲೀಸರಿಗೆ ಗೂಗಲ್‌ನಿಂದ ಐಪಿ ಅಡ್ರೆಸ್ ಸಿಕ್ಕಿತು. ಆ ಹೊತ್ತಿಗೆ ಅದು ಯಾರ ಹತ್ತಿರ ಇತ್ತು ಅಂತ ಟೆಲಿಕಾಂ ಕಂಪನಿ ಹೇಳಬೇಕಿತ್ತು. ಕಂಪನಿ ಹೇಳಿದ ಹೆಸರು ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್‌ನದು. ಆಗಸ್ಟ್ ಕೊನೆಯಲ್ಲಿ ಪೊಲೀಸರು ಬಂದು ಹಿಡಿದುಕೊಂಡು ಹೋದರು. ಆತ ಸುಮಾರು 50 ದಿನ ಜೈಲಿನಲ್ಲಿದ್ದ. ಕೊನೆಗೆ ತಿಳಿದಿದ್ದು, ಆ ಹೊತ್ತಿನಲ್ಲಿ ಆ ಐಪಿ ಅವನದ್ದೇ ಆಗಿರಲಿಲ್ಲ, ಕೊಟ್ಟ ಮಾಹಿತಿಯೇ ತಪ್ಪು. ಐಪಿ ಒಂದು ಬಾಡಿಗೆ ಕೋಣೆ ಇದ್ದ ಹಾಗೆ, ಯಾವ ಗಂಟೆಯಲ್ಲಿ ಯಾರಿದ್ದರು ಎಂಬುದು ಸರಿಯಿದ್ದರೆ ಮಾತ್ರ ಅದಕ್ಕೆ ಅರ್ಥ. ನನ್ನ ಭೂಪಟದಲ್ಲಿ ಚಿಂಚೋಳಿ ಬೆಂಗಳೂರಾಗಿ ಕಂಡರೆ ಯಾರಿಗೂ ನಷ್ಟವಿಲ್ಲ. ಪೊಲೀಸರ ಕಾಗದದಲ್ಲಿ ಒಬ್ಬ ಇನ್ನೊಬ್ಬನಾಗಿ ಕಂಡರೆ ಒಂದು ಬದುಕೇ ಹಾಳು.

ಹಾಗಾದರೆ ಲಾಗನ್ನೆಲ್ಲ ಸುಟ್ಟುಬಿಡೋಣವೇ? ಅದೂ ಆಗದು. ಇದಕ್ಕೆ ಉದಾಹರಣೆ ನಮ್ಮ ಜಿಲ್ಲೆಯಲ್ಲೇ ಇದೆ. ಆಳಂದ ಕ್ಷೇತ್ರದಲ್ಲಿ 2023ರ ವಿಧಾನಸಭೆ ಚುನಾವಣೆಗೆ ಮೊದಲು, ಮತದಾರರ ಪಟ್ಟಿಯಿಂದ ಹೆಸರು ತೆಗೆಯಿರಿ ಎಂದು 6,018 ಅರ್ಜಿಗಳು ಆನ್‌ಲೈನಿನಲ್ಲಿ ಬಂದವು. ಪರಿಶೀಲಿಸಿದಾಗ ಸರಿಯಾಗಿದ್ದವು 24, ಉಳಿದ 5,994 ತಪ್ಪು. ಹೆಸರು ತೆಗೆಯಬೇಕೆಂದು ಕೇಳಲಾಗಿದ್ದ ಜನ ಊರಿನಲ್ಲಿ ಬದುಕಿಕೊಂಡಿದ್ದರು! 2023ರ ಫೆಬ್ರವರಿಯಲ್ಲಿ ಆಳಂದ ಠಾಣೆಯಲ್ಲಿ ಕೇಸು ದಾಖಲಾಯಿತು. ಅರ್ಜಿ ಹಾಕಿದವರು ಯಾರು ಅಂತ ಹುಡುಕಲು ತನಿಖೆಯವರಿಗೆ ಬೇಕಾಗಿದ್ದು ಇದೇ ಲಾಗ್, ಅಂದರೆ ಐಪಿ ಅಡ್ರೆಸ್, ಪೋರ್ಟ್, ಗಂಟೆ. ಆ ಮಾಹಿತಿ ಪೂರ್ತಿ ಸಿಕ್ಕಿತೋ ಇಲ್ಲವೋ ಎಂಬ ವಾದ 2025ರ ಸೆಪ್ಟೆಂಬರಿನಲ್ಲಿ ದೇಶದ ಸುದ್ದಿಯಾಯಿತು. ಆ ರಾಜಕೀಯಕ್ಕೆ ನಾನು ಹೋಗುವುದಿಲ್ಲ. ನನಗೆ ಬೇಕಾದ ಮಾತು ಇಷ್ಟು. ಬೆಂಗಳೂರಿನ ಆ ಹುಡುಗನಿಗೆ ಲಾಗ್ ಶತ್ರುವಾಯಿತು, ಆಳಂದದ ಮತದಾರನಿಗೆ ಲಾಗ್ ಸಾಕ್ಷಿಯಾಗಬಲ್ಲದು. ಹಾಗಾಗಿ ಯಾರ ಕೈಯಲ್ಲಿ, ಯಾವ ಕಾರಣಕ್ಕೆ, ಎಷ್ಟು ದಿನ ಎಂಬ ಮೂರು ಪ್ರಶ್ನೆಗಳೇ ಮುಖ್ಯ.

ಈ ಮೂರು ಪ್ರಶ್ನೆ ನಮ್ಮ ದೇಶದಲ್ಲಿ ಇಂಟರ್ನೆಟ್ಟಿಗಿಂತ ಹಳೆಯವು. ರಾತ್ರಿ ಹೊತ್ತು ಪೊಲೀಸರು ಮನೆಗೆ ಬಂದು ನೋಡಿಕೊಂಡು ಹೋಗುವುದರ ವಿರುದ್ಧ ಉತ್ತರ ಪ್ರದೇಶದ ಖರಕ್ ಸಿಂಗ್ ಸುಪ್ರೀಂ ಕೋರ್ಟಿಗೆ ಹೋಗಿದ್ದರು. 1962ರ ಆ ತೀರ್ಪಿನಲ್ಲಿ ರಾತ್ರಿ ಭೇಟಿ ನಿಂತಿತು, ಆದರೆ ಖಾಸಗಿತನ ಮೂಲಭೂತ ಹಕ್ಕಲ್ಲ ಅಂತಲೂ ಬಹುಮತದ ಮಾತು ಬಂತು. ನಮ್ಮ ರಾಜ್ಯದಲ್ಲಂತೂ ಇದೇ ವಿಷಯಕ್ಕೆ ಒಬ್ಬ ಮುಖ್ಯಮಂತ್ರಿಯ ಕುರ್ಚಿಯೇ ಹೋಯಿತು. 1988ರ ಆಗಸ್ಟ್‌ನಲ್ಲಿ ಟೆಲಿಫೋನ್ ಕದ್ದಾಲಿಕೆಯ ಆರೋಪದ ಮೇಲೆ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟು ಎಸ್.ಆರ್. ಬೊಮ್ಮಾಯಿ ಬಂದರು. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಕದ್ದಾಲಿಕೆಗೆ ಕಟ್ಟುಪಾಡು ಹಾಕಿತು. ಯಾರು ಅನುಮತಿ ಕೊಡಬೇಕು, ಎಷ್ಟು ದಿನ, ಪರಿಶೀಲಿಸುವವರು ಯಾರು. ನೋಡಿ, ಅದೇ ಮೂರು ಪ್ರಶ್ನೆ!

ಆಮೇಲಿನ ದೊಡ್ಡ ಹೆಜ್ಜೆಯೂ ಕನ್ನಡ ನಾಡಿನದ್ದೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಆ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದು ಹೇಳಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಕಾನೂನು ವಿದ್ಯಾರ್ಥಿಗಳ ಬಾಯಲ್ಲಿ ಅವರ ಹೆಸರು ನೂರು ವರ್ಷ ಇರುತ್ತದೆ.

ಯೂರೋಪಿನಲ್ಲಿ ವಿಷಯ ನೇರವಾಗಿ ವೆಬ್‌ಸೈಟ್ ಲಾಗಿಗೇ ಬಂತು. ಜರ್ಮನಿಯ ಸರ್ಕಾರಿ ತಾಣಗಳು ಬಂದವರ ಐಪಿ ಬರೆದಿಟ್ಟುಕೊಳ್ಳುವುದರ ವಿರುದ್ಧದ ಮೊಕದ್ದಮೆಯಲ್ಲಿ 2016ರ ಅಕ್ಟೋಬರ್‌ನಲ್ಲಿ ಅಲ್ಲಿನ ದೊಡ್ಡ ನ್ಯಾಯಾಲಯ, ಕಾನೂನಿನ ದಾರಿಯಲ್ಲಿ ಆ ಐಪಿಯ ಹಿಂದಿನ ವ್ಯಕ್ತಿಯನ್ನು ಗುರುತಿಸಲು ಸಾಧ್ಯವಿದ್ದರೆ ಬದಲಾಗುವ ಐಪಿ ಕೂಡ ವೈಯಕ್ತಿಕ ಮಾಹಿತಿಯೇ ಎಂದಿತು. 2018ರ ಮೇ 25ರಿಂದ ಜಿಡಿಪಿಆರ್ ಜಾರಿಗೆ ಬಂತು. 2022ರ ಜನವರಿಯಲ್ಲಿ ಆಸ್ಟ್ರಿಯಾದ ಪ್ರಾಧಿಕಾರ, ಒಂದು ತಾಣ ಗೂಗಲ್ ಅನಲಿಟಿಕ್ಸ್ ಬಳಸಿ ಮಾಹಿತಿಯನ್ನು ಅಮೆರಿಕಕ್ಕೆ ಕಳಿಸಿದ್ದು ಕಾನೂನುಬಾಹಿರ ಎಂದಿತು.

ನಮ್ಮಲ್ಲಿ 2023ರ ಆಗಸ್ಟ್‌ನಲ್ಲಿ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣೆ ಕಾಯ್ದೆ ಆಯಿತು. ನಿಯಮಗಳು ಬಂದಿದ್ದು 2025ರ ನವೆಂಬರ್‌ನಲ್ಲಿ, ಕಂಪನಿಗಳ ಮುಖ್ಯ ಹೊಣೆಗಳಿಗೆ ಅಲ್ಲಿಂದ 18 ತಿಂಗಳ ಗಡುವು. ಸರ್ಕಾರಕ್ಕೆ ಕೊಟ್ಟ ವಿನಾಯಿತಿ ಬಹಳ ಅಗಲ ಎಂಬ ದೂರು ಇದೆ. ಮಾಹಿತಿ ಹಕ್ಕು ಕಾಯ್ದೆಯನ್ನು ಇದರಿಂದ ಮೊಟಕು ಮಾಡಿದರು ಎಂಬ ದೂರೂ ಇದೆ, ಎರಡರಲ್ಲೂ ಹುರುಳಿದೆ ಅಂತ ನನ್ನ ಅಭಿಪ್ರಾಯ. ಆದರೆ ಇದರಲ್ಲಿ ನಮ್ಮಂಥವರಿಗೆ ಬೇಕಾದ ಎರಡು ಸಂಗತಿ ಇವೆ. ಒಂದು, 18 ವರ್ಷದೊಳಗಿನ ಮಕ್ಕಳ ಹೆಜ್ಜೆ ಹಿಂಬಾಲಿಸುವುದಕ್ಕೆ, ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸುವುದಕ್ಕೆ ತಡೆ. ಎರಡು, ನಿಮ್ಮ ಮಾಹಿತಿಗೆ ಒಪ್ಪಿಗೆ ಕೇಳುವ ನೋಟಿಸನ್ನು ಇಂಗ್ಲಿಷಿನಲ್ಲಿ ಇಲ್ಲವೇ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಅವಕಾಶ ಕೊಡಬೇಕು. ಅಂದರೆ ಕನ್ನಡದಲ್ಲಿ ಓದುವುದು ನಮ್ಮ ಹಕ್ಕು.

ಈ ಎರಡನೆಯದು ಸಣ್ಣ ಮಾತು ಅನ್ನಬೇಡಿ. ಚಿಂಚೋಳಿಯ ತೊಗರಿ ಬೆಳೆಗಾರ ಮೊಬೈಲಿನಲ್ಲಿ ಮಾರುಕಟ್ಟೆ ರೇಟು ನೋಡಲು ಹೋದಾಗ ಇಂಗ್ಲಿಷಿನ ಒಂದು ಪೆಟ್ಟಿಗೆ ಎದ್ದು ಬರುತ್ತದೆ. ಓದಲು ಬಾರದೆ ದೊಡ್ಡ ಬಟನ್ ಒತ್ತುತ್ತಾನೆ. ಅದಕ್ಕೆ ಒಪ್ಪಿಗೆ ಅಂತ ಹೆಸರು! ನಿಜಾಮರ ಕಾಲದಲ್ಲಿ ಕನ್ನಡ ಬಲ್ಲ ರೈತರ ದಸ್ತಾವೇಜೆಲ್ಲ ಉರ್ದುವಿನಲ್ಲಿರುತ್ತಿತ್ತು, ಅರ್ಥ ತಿಳಿಯದೆ ಹೆಬ್ಬೆಟ್ಟು ಒತ್ತುವುದು ನಮ್ಮ ಹಿರಿಯರಿಗೆ ಹೊಸದಲ್ಲ. ಈಗ ಹೆಬ್ಬೆಟ್ಟು ಅದೇ, ಶಾಯಿ ಮಾತ್ರ ಇಲ್ಲ.

ತಾಣ ನಡೆಸುವ ಗೆಳೆಯರಿಗೆ ನಾನು ಹೇಳುವುದು ಇಷ್ಟೇ. ವಾಡಿಯ ಟಿಕೆಟ್ ಕಿಟಕಿಯ ಹಾಗೆ ಎಣಿಸಿ. ಎಷ್ಟು ಜನ ಬಂದರು, ಯಾವ ಪುಟ ಓದಿದರು ಎಂಬುದಕ್ಕೆ ಯಾರು ಎಂಬುದು ಬೇಕಾಗಿಲ್ಲ. ಐಪಿಯ ಕೊನೆಯ ಭಾಗ ಅಳಿಸಿ ಇಡುವ, ಕುಕೀ ಇಲ್ಲದೆ, ಮೂರನೆಯವರಿಗೆ ಕಳಿಸದೆ ಲೆಕ್ಕ ಕೊಡುವ ತಂತ್ರಾಂಶಗಳು ಈಗ ಬೇಕಾದಷ್ಟಿವೆ. ಕಳ್ಳತನ, ದಾಳಿ ಹಿಡಿಯಲು ಪೂರ್ತಿ ಲಾಗ್ ಇಡಬೇಕಾದರೆ ಕಾನೂನು ಹೇಳಿದಷ್ಟು ದಿನ, ಬೀಗದೊಳಗೆ ಇಟ್ಟು, ದಿನ ಮುಗಿದ ಮೇಲೆ ಅಳಿಸಿ. ದಾರಕ್ಕೆ ಪೆನ್ನು ಕಟ್ಟಿ ಟೇಬಲ್ ಮೇಲೆ ಇಡಬೇಡಿ.

ಓದುಗರಿಗೆ ಒಂದು ಕೆಲಸ. ಇವತ್ತು ನೀವು ತೆರೆಯುವ ಮೂರು ಕನ್ನಡ ತಾಣಗಳಲ್ಲಿ ಒಪ್ಪಿಗೆಯ ಪೆಟ್ಟಿಗೆ ಬಂದರೆ ಅದು ಯಾವ ಭಾಷೆಯಲ್ಲಿದೆ ನೋಡಿ. ಇಂಗ್ಲಿಷಿನಲ್ಲೇ ಇದ್ದರೆ ಕೆಳಗೆ ಕೊಟ್ಟ ಇಮೇಲ್‌ಗೆ ಒಂದು ಸಾಲು ಬರೆಯಿರಿ, ಕನ್ನಡದಲ್ಲಿ ಕೊಡಿ ಅಂತ. ಹತ್ತು ಜನ ಬರೆದರೆ ಕಸದ ಬುಟ್ಟಿಗೆ ಹೋಗಬಹುದು. ಸಾವಿರ ಜನ ಬರೆದರೆ, ಎಣಿಸುವುದೇ ಕೆಲಸವಾಗಿರುವ ಅವರು ಅದನ್ನೂ ಎಣಿಸಲೇಬೇಕಲ್ಲ :)